ಮಣ್ಣು ತಾಗಬಾರದು

ಮರದ ನಾಲ್ಕು ತುಂಡುಗಳನ್ನು ಅವಳು ಕೈಚೀಲದಿಂದ ಒಂದೊಂದಾಗಿ ತೆಗೆದು ಅಂಗಡಿಯ ಗಾಜಿನ ಮೇಜಿನ ಮೇಲೆ ಸಾಲಾಗಿ ಇಟ್ಟಳು. ಒಂದು ಚೌಕ, ಎರಡು ಉರುಟು, ಒಂದು ಉದ್ದ. ಪ್ರತಿಯೊಂದಕ್ಕೂ ಬಿಳಿ ಚೀಟಿ ಅಂಟಿಸಿ ಪೆನ್ಸಿಲಿನಲ್ಲಿ ದುಂಡಗೆ ಬರೆದಿತ್ತು: ಕ್ಯಾಮರಾ, ಹತ್ತಿರದ ಲೆನ್ಸು, ದೂರದ ಲೆನ್ಸು, ಫ್ಲ್ಯಾಶು.

ಅಂಗಡಿಯಾತ ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗಿಳಿಸಿ ಒಮ್ಮೆ ತುಂಡುಗಳನ್ನೂ ಒಮ್ಮೆ ಅವಳನ್ನೂ ನೋಡಿದ.

"ಏನಕ್ಕ ಇದು?"

"ಕ್ಯಾಮರಾ."

"ಇದಾ?"

"ಕ್ಯಾಮರಾದಷ್ಟೇ ಇದೆ. ಅಳತೆ, ತೂಕ ಎರಡೂ. ನಿಜವಾದ್ದು ಮನೇಲಿದೆ. ಆಫೀಸಿಂದು, ರಸ್ತೇಲೆಲ್ಲ ತರೋಕೆ ಭಯ ಆಗುತ್ತೆ."

ಅವನು ಚೌಕದ ತುಂಡನ್ನು ಎತ್ತಿದ. ಮರವೆಂದುಕೊಂಡು ಹಗುರಾಗಿ ಹೋದ ಕೈ ಅರ್ಧದಲ್ಲೇ ತಗ್ಗಿತು. "ಅಬ್ಬಾ! ಒಳಗೇನು ತುಂಬಿದೀರಿ?"

"ನಟ್ಟು. ನಮ್ಮನೆಯವರು ಲಿಫ್ಟ್ ರಿಪೇರಿ ಮಾಡ್ತಾರೆ. ತೂತು ಕೊರೆದು ಹಳೇ ನಟ್ಟು ತುಂಬಿಸಿ, ಅಡುಗೆಮನೆ ತಕ್ಕಡೀಲಿ ಸಮ ಮಾಡಿ ಕೊಟ್ಟಿದಾರೆ."

"ಇಪ್ಪತ್ತೆರಡು ವರ್ಷದಿಂದ ಬ್ಯಾಗ್ ಮಾರ್ತಿದೀನಿ ಅಕ್ಕ. ಕ್ಯಾಮರಾ ತಂದೋರನ್ನ ನೋಡಿದೀನಿ, ಬರಿಗೈಲಿ ಬಂದೋರನ್ನೂ ನೋಡಿದೀನಿ. ಸೌದೆ ತಂದಿದ್ದು ನೀವೇ ಮೊದಲು."

ಅವಳಿಗೆ ನಗು ಬಂತು, ಆದರೆ ನಗುವಷ್ಟು ಪುರಸೊತ್ತು ಮನಸ್ಸಿಗಿರಲಿಲ್ಲ. ಈ ವಾರದಲ್ಲಿ ಇದು ಮೂರನೇ ಸಲ ಅವಳು ಈ ಅಂಗಡಿಗೆ ಬಂದಿದ್ದು. ಗೋಡೆಯ ತುಂಬ ನೇತುಹಾಕಿದ್ದ ಬ್ಯಾಗುಗಳಲ್ಲಿ ಅಳೆದೂ ಸುರಿದೂ ಎರಡನ್ನು ಉಳಿಸಿಕೊಂಡಿದ್ದಳು. ಒಂದು ಬೂದು ಬಣ್ಣದ್ದು, ಬೆನ್ನಿಗೆ ಹಾಕುವಂಥದ್ದು. ಅದರ ಬಾಯಿ ಬೆನ್ನಿಗೆ ತಾಗುವ ಕಡೆಗಿತ್ತು. ಸೊಂಟಕ್ಕೊಂದು ಪಟ್ಟಿ, ಬುಡದ ಪುಟ್ಟ ಜೇಬಿನಲ್ಲಿ ಮಡಚಿಟ್ಟ ಮಳೆಯ ಹೊದಿಕೆ. ಕ್ಯಾಮರಾ ಬೇಕೆಂದರೆ ಮಾತ್ರ ನಿಂತು, ಪಟ್ಟಿ ಬಿಚ್ಚಿ, ಕೆಳಗಿಳಿಸಿ, ಮಗುವನ್ನು ಬೋರಲು ಹಾಕಿದಂತೆ ಮಲಗಿಸಿ ತೆರೆಯಬೇಕು. ಇನ್ನೊಂದು ಕಂದು ಬಣ್ಣದ್ದು, ಹೆಗಲಿಂದ ಪಕ್ಕಕ್ಕೆ ಇಳಿಬೀಳುವಂಥದ್ದು. ಮುಚ್ಚಳ ಎತ್ತಿದರೆ ಕೈಗೇ ಕ್ಯಾಮರಾ. ಆದರೆ ಇಡೀ ಭಾರ ಒಂದೇ ಹೆಗಲಿಗೆ. ಬಗ್ಗಿದರೆ ಬ್ಯಾಗೂ ಮುಂದಕ್ಕೆ ಜೋಲಿ ಹೊಡೆಯುತ್ತದೆ.

"ಯಾವುದು ಒಳ್ಳೇದು?" ಎಂದಳು, ಮೂರನೇ ಸಲ.

"ಎಲ್ಲಿಗೆ ಅನ್ನೋದರ ಮೇಲಿದೆ. ಗುಡ್ಡಕ್ಕಾದ್ರೆ ಬೆನ್ನಿಂದು."

"ತಕ್ಷಣ ತೆಗೀಬೇಕಾಗಿ ಬಂದ್ರೆ?"

"ಹೆಗಲಿಂದು."

"ಮಳೆ ಬಂದ್ರೆ?"

"ಬೆನ್ನಿಂದು."

"ಗಾಳಿ ಇರುತ್ತೆ ಅನ್ಕೊಳ್ಳಿ. ಹೂವು ಅಲ್ಲಾಡ್ತಾನೇ ಇರುತ್ತೆ, ಒಂದೇ ಒಂದು ಕ್ಷಣ ನಿಲ್ಲುತ್ತೆ. ಆವಾಗ?"

"ಆವಾಗ ಹೆಗಲಿಂದು." ಅವನು ಕನ್ನಡಕವನ್ನು ಮತ್ತೆ ಹಣೆಗೇರಿಸಿದ. "ಅಕ್ಕ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಹೋಗೋದು ಖಾಯಮ್ಮಾ?"

ಅವಳು ತುಂಡುಗಳನ್ನು ಒಂದಕ್ಕೊಂದು ತಾಗದಂತೆ ಸರಿಪಡಿಸಿದಳು.

"ಸೋಮವಾರ ಹತ್ತು ಗಂಟೆಗೆ ಹೇಳ್ಬೇಕು."

"ಸರಿಹೋಯ್ತು! ಕೂಸು ಹುಟ್ಟೋಕೆ ಮುಂಚೆ ಕುಲಾವಿ." ಅವನು ನಕ್ಕ, ಆದರೆ ಕುಹಕವಿರಲಿಲ್ಲ. ಎರಡೂ ಬ್ಯಾಗುಗಳನ್ನು ಅವಳ ಕಡೆ ತಳ್ಳಿದ. "ಎರಡನ್ನೂ ತಗೊಂಡು ಹೋಗಿ. ಸೋಮವಾರ ಒಂಬತ್ತಕ್ಕೆ ಅಂಗಡಿ ತೆಗೀತೀನಿ. ಬೇಡದ್ದನ್ನ ವಾಪಸ್ ತನ್ನಿ. ಎರಡೂ ಬೇಡ ಅಂದ್ರೆ ಎರಡನ್ನೂ ತನ್ನಿ. ಒಂದೇ ಮಾತು, ಮಣ್ಣು ತಾಗಬಾರದು. ಮಣ್ಣು ತಾಗಿದ ಬ್ಯಾಗ್ ನಿಮ್ಮದೇ."

ಅವಳು ತಲೆಯಾಡಿಸಿದಳು. ಮಣ್ಣಿನ ವಿಷಯದಲ್ಲಿ ಅವಳಿಗೆ ಯಾರೂ ಬುದ್ಧಿ ಹೇಳಬೇಕಾಗಿರಲಿಲ್ಲ.

ಅವಳು ಕೆಲಸ ಮಾಡುತ್ತಿದ್ದುದು ಒಣಗಿದ ಗಿಡಗಳ ಸಂಗ್ರಹಾಲಯದಲ್ಲಿ. ಎಂದೋ ಯಾರೋ ಕಾಡುಮೇಡು ಅಲೆದು ಕಿತ್ತು ತಂದು, ಒತ್ತಿ ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿದ ಎಲೆ, ಹೂ, ಬೇರುಗಳು ಕಬ್ಬಿಣದ ಬೀರುಗಳಲ್ಲಿ ಸಾವಿರಗಟ್ಟಲೆ ಮಲಗಿದ್ದವು. ಎರಡನೇ ಮಹಡಿಯ ಕಿಟಕಿಯಿಲ್ಲದ ಕೋಣೆಯಲ್ಲಿ ಒಂದು ಮೇಜು, ಮೇಜಿಗೊಂದು ಕಂಬ, ಕಂಬಕ್ಕೆ ಬಿಗಿದ ಕ್ಯಾಮರಾ. ಹಾಳೆ ಇಡುವುದು, ಪಕ್ಕದಲ್ಲಿ ಅಳತೆಪಟ್ಟಿ ಇಡುವುದು, ಗುಂಡಿ ಒತ್ತುವುದು, ಹಾಳೆ ತೆಗೆಯುವುದು. ಹನ್ನೊಂದು ವರ್ಷದಿಂದ ಆ ಕ್ಯಾಮರಾ ಕೆಳಗೇ ನೋಡುತ್ತಿತ್ತು, ಅವಳೂ. ಬೆಳಕು ಎಲ್ಲಿಂದ ಬರಬೇಕು, ಎಷ್ಟು ದೂರ ನಿಲ್ಲಬೇಕು ಎಂದು ಒಂದು ದಿನವೂ ಯೋಚಿಸಬೇಕಾಗಿ ಬಂದಿರಲಿಲ್ಲ. ಅಲ್ಲಿ ಇದ್ದುದು ಎರಡೇ ಕಟ್ಟುನಿಟ್ಟು. ಚೀಟಿಯಿಲ್ಲದೆ ಯಾವ ವಸ್ತುವೂ ಇರಬಾರದು. ಹೊರಗಿನ ಮಣ್ಣು ಹೊಸಿಲು ದಾಟಬಾರದು. ಮಣ್ಣಿನ ಜೊತೆ ಹುಳ ಬರುತ್ತದೆ, ಹುಳ ಬಂದರೆ ನೂರು ವರ್ಷದ ಹೂವನ್ನು ನೂರು ದಿನದಲ್ಲಿ ಪುಡಿ ಮಾಡುತ್ತದೆ. ಅವಳು ಈ ಎರಡನ್ನೂ ಪಾಲಿಸುವ ಪರಿ ನೋಡಿ ಜೊತೆಯವರು ಅವಳಿಗೆ 'ಚೀಟಿ ಮೇಡಂ' ಎಂದೇ ಹೆಸರಿಟ್ಟಿದ್ದರು.

ಹೊರಗೆ ಹೋಗಿ ಜೀವಂತ ಗಿಡಗಳ ಫೋಟೋ ತೆಗೆಯುವುದು ಬೇರೆಯವರ ಕೆಲಸವಾಗಿತ್ತು. ಎಲ್ಲರೂ ಗುಡ್ಡದ ಮೇಷ್ಟ್ರು ಎಂದು ಕರೆಯುತ್ತಿದ್ದ ಅವರ ಮೊಣಕಾಲು ಈ ವರ್ಷ ಕೈಕೊಟ್ಟಿತ್ತು. ಮುಂದಿನ ವಾರ ಎತ್ತರದ ಗುಡ್ಡಗಳಿಗೆ ಹನ್ನೆರಡು ದಿನದ ತಂಡ ಹೊರಡುವುದಿತ್ತು. "ಚೀಟಿಯನ್ನ ಕಳಿಸಿ. ಅವಳಷ್ಟು ಚೆನ್ನಾಗಿ ಗಿಡ ನೋಡೋರು ಇಲ್ಲಿ ಇನ್ನೊಬ್ಬರಿಲ್ಲ," ಎಂದು ಅವರೇ ನಿರ್ದೇಶಕರಿಗೆ ಹೇಳಿಬಿಟ್ಟಿದ್ದರು. ಸೋಮವಾರ ಹತ್ತರೊಳಗೆ ಅವಳು ಹೂಂ ಎನ್ನದಿದ್ದರೆ ಹೊರಗಿನಿಂದ ಯಾರನ್ನಾದರೂ ಗೊತ್ತು ಮಾಡುತ್ತಾರೆ.

ಸಾಮಾನ್ಯ ತಂಡವಾಗಿದ್ದರೆ ಅವಳು ಆ ಕ್ಷಣವೇ ಬೇಡವೆನ್ನುತ್ತಿದ್ದಳು. ಆದರೆ ಈ ತಂಡ ಹೊರಟಿದ್ದು ಒಂದು ಹೂವಿಗಾಗಿ.

ಆ ಹೂವಿನ ಹಾಳೆ ಇಡೀ ಸಂಗ್ರಹಾಲಯದಲ್ಲಿ ಒಂದೇ ಇತ್ತು. ತೊಂಬತ್ತನಾಲ್ಕು ವರ್ಷದ ಹಿಂದೆ ಯಾರೋ ಕಿತ್ತು ತಂದದ್ದು. ಚೀಟಿಯ ಮೇಲೆ ಮಾಸಿದ ಶಾಯಿಯಲ್ಲಿ ಜಾಗ, ದಿನಾಂಕ, ಎತ್ತರ, ಮಣ್ಣಿನ ಗುಣ ಎಲ್ಲ ಇತ್ತು. 'ಬಣ್ಣ' ಎಂಬ ಕಡೆ ಮಾತ್ರ ಖಾಲಿ. ಮರೆತರೋ, ಸಂಜೆ ಬರೆಯೋಣವೆಂದುಕೊಂಡರೋ. ಹಾಳೆಯ ಮೇಲಿನ ಹೂವು ಈಗ ಆರಿದ ಚಹಾದ ಬಣ್ಣಕ್ಕೆ ತಿರುಗಿತ್ತು. ಅವಳು ಅದರ ಚಿತ್ರವನ್ನು ನಾಲ್ಕು ಸಲ ತೆಗೆದಿದ್ದಳು. ನಾಲ್ಕು ಸಲವೂ ಆ ಖಾಲಿ ಜಾಗದ ಮೇಲೆ ಬೆರಳಿಟ್ಟು ಕೂತಿದ್ದಳು. ಒಮ್ಮೆ ಮೇಷ್ಟ್ರನ್ನು ಕೇಳಿಯೂ ಇದ್ದಳು, "ಯಾವ ಬಣ್ಣ ಇರಬಹುದು?" ಎಂದು. ವರ್ಷಕ್ಕೆ ಎರಡೇ ವಾರ ಅರಳುವ ಹೂವು. ಅವರು ಏಳು ಸಲ ಹೋಗಿದ್ದರೂ ಆ ಎರಡು ವಾರ ಕೈಗೆ ಸಿಕ್ಕಿರಲಿಲ್ಲ. "ನನ್ನನ್ನೇನು ಕೇಳ್ತೀಯಮ್ಮ, ಹೋಗಿ ನೋಡು," ಎಂದಿದ್ದರು.

ಹೋಗಿ ನೋಡುವುದಕ್ಕೆ ಮೊದಲು ಬ್ಯಾಗು ಬೇಕಲ್ಲ.

ಶನಿವಾರ ಬೆಳಿಗ್ಗೆ ನಡುಮನೆಯಲ್ಲಿ ಹಳೆ ಪೇಪರು ಹಾಸಿ ಅದರ ಮೇಲೆ ಎರಡೂ ಬ್ಯಾಗುಗಳನ್ನು ಕೂರಿಸಿದಳು. ಪ್ರತಿ ಖಾನೆಗೂ ಒಂದೊಂದು ಚೀಟಿ ಸಿಕ್ಕಿಸಿದಳು: ಬ್ಯಾಟರಿ, ಒರೆಸುವ ಬಟ್ಟೆ, ಟಾರ್ಚು, ಅಳತೆಪಟ್ಟಿ. ಕಂದು ಬ್ಯಾಗಿನ ಹೊರಗೊಂದು ಚಿಕ್ಕ ಜೇಬಿತ್ತು. ಅದಕ್ಕೇನು ಹಾಕುವುದೆಂದು ತಿಳಿಯದೆ, ಚೀಟಿಯಿಲ್ಲದೆ ಬಿಡಲೂ ಆಗದೆ, ಖಾಲಿ ಚೀಟಿಯೊಂದನ್ನೇ ಸಿಕ್ಕಿಸಿದಳು.

ಅತ್ತೆ ಮೂವತ್ತೆಂಟು ವರ್ಷ ಟೈಲರಾಗಿದ್ದವರು. ಕಣ್ಣು ಮಂಜಾದ ಮೇಲೆ ಯಂತ್ರ ಬಿಟ್ಟಿದ್ದರೂ ಬೆರಳು ಬಿಟ್ಟಿರಲಿಲ್ಲ. ನೆಲದ ಮೇಲೆ ಕಾಲು ನೀಡಿ ಕೂತು ಬ್ಯಾಗಿನ ಹೊಟ್ಟೆಯೊಳಗೆ ಕೈ ಹಾಕಿ, ಹೊಲಿಗೆಯ ಮೇಲೆ ಉಗುರು ಎಳೆಯುತ್ತ ತೀರ್ಪು ಕೊಟ್ಟರು.

"ಕಂದು ಬ್ಯಾಗ್ ತಗೋ. ಪಟ್ಟಿ ಬುಡದಲ್ಲಿ ಅಡ್ಡ, ಉದ್ದ, ಓರೆ ಮೂರೂ ಹೊಲಿಗೆ ಹಾಕಿದಾನೆ. ಪುಣ್ಯಾತ್ಮ. ಬೂದು ಬಣ್ಣದ್ದಕ್ಕೆ ಬರೀ ಜಿಪ್ಪಿನ ಮೇಲೆ ಭರವಸೆ. ಜಿಪ್ಪು ಕೈ ಕೊಟ್ರೆ ಇಡೀ ಬ್ಯಾಗೇ ಬಾಯಿ ಬಿಡುತ್ತೆ ನೋಡು."

"ಅಮ್ಮ, ಹೊಲಿಗೆ ಬಿಡು, ತೂಕ ನೋಡು," ಎಂದ ಗಂಡ, ಬಾಗಿಲಲ್ಲಿ ಕೂತು ಬೂಟಿಗೆ ದಾರ ಕಟ್ಟುತ್ತ. "ಭಾರ ಒಂದೇ ಕಡೆ ಬಿದ್ರೆ ವಾಲುತ್ತೆ. ವಾಲಿದ್ದು ಸವೆಯುತ್ತೆ. ಲಿಫ್ಟಿಗೂ ಅದೇ ರೂಲು. ಬೂದು ಬ್ಯಾಗೇ ಸರಿ."

"ನಿನ್ನ ಹೆಂಡ್ತಿ ಏನು ಲಿಫ್ಟೇನೋ?"

"ಅಲ್ಲಮ್ಮ. ಲಿಫ್ಟಾಗಿದ್ರೆ ಗುಂಡಿ ಒತ್ತಿದ ತಕ್ಷಣ ಮೇಲಕ್ಕೆ ಹೋಗ್ತಿತ್ತು."

ಅತ್ತೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಅವಳು ನಗಲಿಲ್ಲ. ಮಡಿಲಲ್ಲಿದ್ದ ನೋಟುಬುಕ್ಕಿನಲ್ಲಿ ನಡುವೆ ಗೆರೆ ಎಳೆದು, ಎಡಕ್ಕೆ ಬೂದು, ಬಲಕ್ಕೆ ಕಂದು ಎಂದು ಬರೆದು, ಎರಡರ ಗುಣದೋಷಗಳನ್ನೂ ಪಟ್ಟಿ ಮಾಡುತ್ತ ಹೋಗಿದ್ದಳು. ಎರಡೂ ಕಡೆ ಹದಿನಾಲ್ಕು ಸಾಲಿಗೆ ಬಂದು ನಿಂತಿತ್ತು. ಹದಿನೈದನೆಯದು ಎಷ್ಟು ಯೋಚಿಸಿದರೂ ಯಾವ ಕಡೆಗೂ ಹೊಳೆಯಲಿಲ್ಲ.

"ರೀ," ಎಂದಳು ಮೆಲ್ಲಗೆ. "ನಾನು ಹೋಗ್ಲಾ ಬೇಡ್ವಾ?"

"ಇಷ್ಟೊತ್ತು ಬ್ಯಾಗಿನ ವಿಷಯ ಅಲ್ವಾ ನಡೀತಿದ್ದಿದ್ದು?"

"ಹೇಳಿ."

ಅವನು ಇನ್ನೊಂದು ಬೂಟಿನ ದಾರವನ್ನೂ ಕಟ್ಟಿ ಮುಗಿಸಿದ. "ಹೋಗು ಅಂದೆ ಅನ್ಕೋ, ಅಲ್ಲಿ ಕಾಲು ಉಳುಕಿದ್ರೆ 'ನೀವೇ ಹೋಗು ಅಂದಿದ್ದು' ಅಂತೀಯ. ಬೇಡ ಅಂದ್ರೆ ಮುದುಕಿ ಆಗೋವರೆಗೂ 'ನೀವೇ ಬೇಡ ಅಂದಿದ್ದು' ಅಂತೀಯ. ನನ್ನ ಕೆಲಸ ಏನು ಹೇಳು? ಮಧ್ಯದಲ್ಲಿ ಸಿಕ್ಕಾಕೊಂಡೋರಿಗೆ ಬಾಗಿಲು ತೆಗೆದು ಕೊಡೋದು. ಯಾವ ಮಹಡಿಗೆ ಹೋಗ್ತೀರಿ ಅಂತ ನಾನು ಯಾರನ್ನೂ ಕೇಳಲ್ಲ."

ಅವನು ಹೋದ ಮೇಲೆ ಅವಳು ಬೀರುವಿನಿಂದ ನಿಜವಾದ ಕ್ಯಾಮರಾ ತೆಗೆದಳು. ಮೇಷ್ಟ್ರು ಗುರುವಾರವೇ ಕೊಟ್ಟಿದ್ದರು, "ಕೈಗೆ ಅಭ್ಯಾಸ ಆಗ್ಲಿ" ಎಂದು. ಅದರ ಹಿಡಿಕೆಯಲ್ಲಿ ಅವರ ಹೆಬ್ಬೆರಳು ಸವೆಸಿದ ನುಣುಪಿತ್ತು. ಆ ನುಣುಪಿನ ಮೇಲೆ ತನ್ನ ಹೆಬ್ಬೆರಳನ್ನಿಟ್ಟರೆ ಅದು ಅಳತೆಗೆ ಸಾಲದು. ಮಂಜು ಕವಿದರೆ? ಕೈ ಜಾರಿದರೆ? ಅದೆಲ್ಲ ಹೋಗಲಿ, ಎಲ್ಲ ಸರಿಯಾಗಿ, ಹೂವೂ ಸಿಕ್ಕಿ, ಗುಂಡಿ ಒತ್ತುವ ಹೊತ್ತಿಗೆ ತನ್ನ ಕೈ ನಡುಗಿದರೆ? ತೊಂಬತ್ತನಾಲ್ಕು ವರ್ಷದಿಂದ ಖಾಲಿ ಇರುವ ಜಾಗ ತನ್ನಿಂದಾಗಿ ಇನ್ನೊಮ್ಮೆ ಖಾಲಿ ಉಳಿದರೆ? ಅವಳು ಕ್ಯಾಮರಾವನ್ನು ಅತ್ತೆ ಹೊಲಿದುಕೊಟ್ಟಿದ್ದ ಕಪ್ಪು ಮೆತ್ತನೆ ಬಟ್ಟೆಯ ಸಂಚಿಗೆ ಹಾಕಿ ದಾರ ಎಳೆದಳು. ಮರದ ತುಂಡುಗಳಿಗೂ ಅತ್ತೆ ಅಂಥದ್ದೇ ಸಂಚಿ ಹೊಲಿದಿದ್ದರು. ಮರದ ಮೂಲೆ ತಾಗಿ ಬ್ಯಾಗಿನ ಒಳಗು ಹರಿದರೆ ಅಂಗಡಿಯವನು ವಾಪಸ್ ತಗೊಳ್ಳುವುದಿಲ್ಲವಲ್ಲ ಎಂದು.

ಗಂಡ ತೂಕವನ್ನು ಗ್ರಾಮಿನ ಲೆಕ್ಕದಲ್ಲಿ ಸಮ ಮಾಡಿದ್ದ. ಅತ್ತೆ ಸಂಚಿಯನ್ನು ಒಂದೇ ಥಾನಿನ ಬಟ್ಟೆಯಲ್ಲಿ ಒಂದೇ ಅಳತೆಗೆ ಕತ್ತರಿಸಿದ್ದರು. ಮೂವರೂ ತಮ್ಮ ತಮ್ಮ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ್ದರು. ಎಡವಟ್ಟಾದದ್ದು ಅದರಿಂದಲೇ.

ಭಾನುವಾರ ಬೆಳಿಗ್ಗೆ ನೀರಿನ ಟ್ಯಾಂಕಿನ ಹಿಂದಿನ ದಿಬ್ಬಕ್ಕೆ ಬಾ, ಒಂದು ಸಲ ತೆಗೆದು ನೋಡೋಣ ಎಂದು ಮೇಷ್ಟ್ರು ಹೇಳಿದ್ದರು. ಅವಳು ಆರಕ್ಕೇ ಎದ್ದು ನಿಜವಾದ ಕ್ಯಾಮರಾವನ್ನು ಬೂದು ಬ್ಯಾಗಿನಲ್ಲಿಟ್ಟು, ತುಂಡುಗಳನ್ನು ಕಂದು ಬ್ಯಾಗಿಗೆ ಹಾಕಿದಳು. ಎರಡನ್ನೂ ಹಾಕಿಕೊಂಡು ನಡುಮನೆಯಲ್ಲಿ ಐದೈದು ಸುತ್ತು ನಡೆದಳು. ಕಂದೇ ಹಿತವೆನ್ನಿಸಿ ಅದಲುಬದಲು ಮಾಡಿದಳು. ಹೊರಗೆ ಸಣ್ಣಗೆ ಹನಿ ಬಿತ್ತು. ಮಳೆಯ ಹೊದಿಕೆ ಇರುವುದು ಬೂದಿಗೆ ಎಂದು ಮತ್ತೆ ಬದಲಿಸಿದಳು. ಹನಿ ನಿಂತಿತು, ಸಂಚಿಗಳನ್ನು ಮತ್ತೆ ಹೊರಗೆ ತೆಗೆದಳು.

"ಹೋಗೋದು ಹನ್ನೆರಡು ದಿನ, ಚೀಲ ಆರಿಸೋಕೆ ಹನ್ನೆರಡು ವಾರ," ಎಂದು ಅತ್ತೆ ಹಾಸಿಗೆಯಿಂದಲೇ ಗೊಣಗಿದರು. "ಒಂದನ್ನ ಎತ್ಕೊಂಡು ನಡಿಯೇ ಮಹರಾಯ್ತಿ, ಮೀನಮೇಷ ಎಣಿಸ್ಬೇಡ!"

ಅವಳು ಕೈಯಲ್ಲಿದ್ದ ಸಂಚಿಗಳನ್ನು ಅವಸರವಾಗಿ ತುಂಬಿ, ಜಿಪ್ಪು ಎಳೆದು, ಬೂದು ಬ್ಯಾಗನ್ನು ಬೆನ್ನಿಗೇರಿಸಿ ಹೊರಟಳು. ತೂಕ ಸರಿಯಾಗಿಯೇ ಇತ್ತು.

ದಿಬ್ಬದ ತುದಿಯಲ್ಲಿ ಮೇಷ್ಟ್ರು ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು, ಕೋಲನ್ನು ಪಕ್ಕಕ್ಕೆ ಒರಗಿಸಿ, ಕಲ್ಲಿನ ಮೇಲೆ ಕೂತಿದ್ದರು. ಅವಳು ಏದುಸಿರು ಬಿಡುತ್ತ ಬಂದು ನಿಂತಾಗ ಬಾಯಿಯ ಮೇಲೆ ಬೆರಳಿಟ್ಟು ಎದುರಿನ ಮುಳ್ಳುಗಿಡವನ್ನು ತೋರಿಸಿದರು.

ಆ ಜಾತಿಯ ಗಿಡವನ್ನು ಅವಳು ಹಾಳೆಯ ಮೇಲೆ ಎಷ್ಟೋ ಸಲ ನೋಡಿದ್ದಳು. ಗೆಣ್ಣಿಗೆರಡು ಮುಳ್ಳು, ಎದುರುಬದುರು. ಈ ಕಾಂಡದ ಒಂದು ಗೆಣ್ಣಿನಲ್ಲಿ ಮೂರಿದ್ದವು. ಅವಳು ಹುಬ್ಬುಗಂಟಿಕ್ಕಿ ಇನ್ನೊಮ್ಮೆ ಎಣಿಸಿದಳು. ಎಣಿಸುತ್ತಿದ್ದಂತೆ ಮೂರನೇ ಮುಳ್ಳು ಎದ್ದು ನಡೆಯಿತು.

"ಹುಳ," ಎಂದು ಪಿಸುಗುಟ್ಟಿದರು ಮೇಷ್ಟ್ರು. "ನಾನು ಅರ್ಧ ಗಂಟೆಯಿಂದ ಕೂತಿದೀನಿ, ನನಗೇ ಒಂದೊಂದು ಸಲ ಕಾಣಲ್ಲ. ನೀನು ಬಂದ ತಕ್ಷಣ ಹಿಡಿದೆ. ತೆಗಿ, ತೆಗಿ ಬೇಗ."

ಅವಳು ಕೂತಳು. ಸೊಂಟದ ಪಟ್ಟಿ ಬಿಚ್ಚಿದಳು, ಎದೆಯ ಪಟ್ಟಿ ಬಿಚ್ಚಿದಳು. ಬ್ಯಾಗನ್ನು ಇಳಿಸಿ, ಹಾಸಲೆಂದು ತಂದಿದ್ದ ಪೇಪರನ್ನು ಹುಡುಕಿ, ಬಿಡಿಸಿ, ಅದರ ಮೇಲೆ ಬೋರಲು ಮಲಗಿಸಿ, ಜಿಪ್ಪು ಎಳೆದಳು. ಕಪ್ಪು ಸಂಚಿಯ ದಾರ ಸಡಿಲಿಸಿ ಕೈ ಹಾಕಿದಾಗ ಬೆರಳಿಗೆ ತಾಗಿದ್ದು ಮರ.

ಹೊರತೆಗೆದಳು. ಚೀಟಿಯ ಮೇಲೆ ಅವಳದೇ ದುಂಡಗಿನ ಅಕ್ಷರದಲ್ಲಿ ಬರೆದಿತ್ತು: ಕ್ಯಾಮರಾ.

ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಮೇಷ್ಟ್ರು ಆ ತುಂಡನ್ನೂ ಅವಳ ಮುಖವನ್ನೂ ನೋಡಿದರು. ಅವರು ನಗಲೆಂದು, ಬೈಯಲೆಂದು, ಏನಾದರೂ ಒಂದು ಮಾಡಲೆಂದು ಅವಳು ಕಾದಳು.

"ಅದರಲ್ಲೇ ತೆಗಿ," ಎಂದರು.

"ಮೇಷ್ಟ್ರೇ, ಇದು ಮರ."

"ಗೊತ್ತಮ್ಮ, ಕಣ್ಣು ನೆಟ್ಟಗಿದೆ. ಹೋಗಿದ್ದು ಮೊಣಕಾಲು. ಹುಳಕ್ಕೆ ನಿನ್ನ ಕೈಲಿರೋದು ಮರ ಅಂತ ಗೊತ್ತಾ? ಅದು ಹೋಗೋಕೆ ಮುಂಚೆ ತೆಗಿ."

ಅವಳಿಗೆ ಒಂದೂ ಅರ್ಥವಾಗಲಿಲ್ಲ. ಅರ್ಥವಾಗದೆಯೇ ತುಂಡನ್ನು ಕಣ್ಣಿಗೆ ಹಿಡಿದಳು. ಕತ್ತಲೆ. ತುಸು ಕೆಳಗಿಳಿಸಿ, ಮರದ ಅಂಚಿನ ಮೇಲಿಂದ ನೋಡಿದಳು.

"ಸೂರ್ಯ ಎಲ್ಲಿದೆ?"

"ನನ್ನ... ಬೆನ್ನಿಗೆ."

"ಹಾಗಾದ್ರೆ ನಿನ್ನ ನೆರಳು ಎಲ್ಲಿ ಬಿತ್ತು?"

ಹುಳದ ಮೇಲೆಯೇ ಬಿದ್ದಿತ್ತು. ಅವಳು ಬಲಕ್ಕೆ ಸರಿದಳು. ಹುಳದ ಹಿಂದೆ ಟ್ಯಾಂಕಿನ ಬಿಳಿ ಗೋಡೆ ಕಣ್ಣಿಗೆ ಚುಚ್ಚಿತು, ಇನ್ನಷ್ಟು ಬಗ್ಗಿದಳು. ಬಗ್ಗಲು ಬ್ಯಾಗು ಅಡ್ಡವಾಯಿತು, ಅದನ್ನು ನೋಡದೆಯೇ ಪಕ್ಕಕ್ಕೆ ದೂಡಿದಳು. ಮೊಣಕಾಲೂರಿದಳು, ಆಮೇಲೆ ಮೊಣಕೈ, ಆಮೇಲೆ ಕೆನ್ನೆಯೂ ಒದ್ದೆ ಹುಲ್ಲಿಗೆ ತಾಗಿತು. ಅಲ್ಲಿಂದ ನೋಡಿದಾಗ ಗಿಡ ಗಿಡವಾಗಿರಲಿಲ್ಲ. ಮುಳ್ಳುಗಳ ಬುಡ ಕೆಂಪಗಿತ್ತು. ಹಾಳೆಯ ಮೇಲೆ ಅದು ಯಾವತ್ತೂ ಕೆಂಪಗಿರಲಿಲ್ಲ. ಹುಳದ ಬೆನ್ನಿನ ಮುಳ್ಳೊಳಗಿಂದ ಬೆಳಕು ಹಾಯ್ದು ಅದು ಹಸಿರು ಗಾಜಿನ ಚೂರಿನಂತಾಯಿತು. ಗಾಳಿ ಬಂತು. ಕಾಂಡ ಅಲ್ಲಾಡಿತು. ಅವಳು ಉಸಿರು ಹಿಡಿದಳು. ಕಾಂಡ ನಿಂತಿತು.

ಅವಳ ಬೆರಳು ಮರವನ್ನು ಒತ್ತಿತು.

"ಬಿತ್ತು," ಎಂದರು ಮೇಷ್ಟ್ರು ಕಲ್ಲಿನ ಮೇಲಿಂದ.

ಹುಳ ಹಾರಿಹೋಯಿತು. ಅವಳು ಇನ್ನೂ ಸ್ವಲ್ಪ ಹೊತ್ತು ಹಾಗೇ ಬಿದ್ದುಕೊಂಡಿದ್ದಳು. ಮರದಲ್ಲಿ ಯಾವ ಫೋಟೋ ಬಿತ್ತು, ಎಲ್ಲಿ ಬಿತ್ತು ಎಂದು ಕೇಳಬೇಕೆನ್ನಿಸಿತು. ಎದ್ದು ಕೂತು ಮುಖ ಒರೆಸಿಕೊಳ್ಳುವಾಗ ಬ್ಯಾಗು ಕಣ್ಣಿಗೆ ಬಿತ್ತು. ಪೇಪರಿನಿಂದ ಮಾರುದೂರದಲ್ಲಿ, ನೀರು ನಿಂತ ಕೆಸರಿನ ಗುಂಡಿಯಲ್ಲಿ, ಹೊಟ್ಟೆ ಅಡಿಯಾಗಿ ಬಿದ್ದಿತ್ತು.

"ಅಯ್ಯೋ," ಎಂದಳು. "ಅಯ್ಯೋ, ಮಣ್ಣು!"

"ಮತ್ತೆ ಗುಡ್ಡದಲ್ಲೇನು ಗಂಧ ಇರುತ್ತಾ?" ಎಂದು ಮೇಷ್ಟ್ರು ಕೋಲು ಹುಡುಕಿದರು.

ಮನೆಗೆ ಬಂದಾಗ ಅತ್ತೆ ಎರಡೂ ಕೈಯಲ್ಲಿ ಬ್ಯಾಗನ್ನೆತ್ತಿ ಬೆಳಕಿಗೆ ಹಿಡಿದರು. ಬುಡದ ತುಂಬ ಕೆಂಪು ಕೆಸರು, ಕೆಸರಿನಲ್ಲಿ ಹುಲ್ಲು.

"ಇನ್ನೂ ಹಸಿ ಇದೆ. ಈಗ್ಲೇ ಒದ್ದೆ ಬಟ್ಟೇಲಿ ಒತ್ತಿ ಒತ್ತಿ ಒರೆಸಿದ್ರೆ ಹೋಗುತ್ತೆ. ಗುರುತೂ ಸಿಗಲ್ಲ ಅವನಿಗೆ. ಒಣಗಿದ್ರೆ ನೂಲಿನೊಳಗೆ ಇಳಿದುಬಿಡುತ್ತೆ, ಆಮೇಲೆ ಯಾರಿಂದ್ಲೂ ಆಗಲ್ಲ. ತಾ ಬಟ್ಟೆ."

ಅವಳು ಬಚ್ಚಲಿಗೆ ಹೋಗಿ ಬಕೆಟ್ಟಿಗೆ ನೀರು ಬಿಟ್ಟಳು. ಬಟ್ಟೆ ಅದ್ದಿದಳು. ಹಿಂಡಿದಳು. ಹಿಂಡಿದ ಬಟ್ಟೆ ಹಿಡಿದುಕೊಂಡು ನಡುಮನೆಗೆ ಬಂದು ನಿಂತಳು. ಬೂದು ಬ್ಯಾಗು ಗೋಡೆಗೊರಗಿ ಕೂತಿತ್ತು. ಪಕ್ಕದಲ್ಲಿ ಮಣ್ಣು ಕಾಣದ ಕಂದು ಬ್ಯಾಗು. ಅದರೊಳಗೆ, ಬೆಳಗಿನಿಂದಲೂ ಮನೆಯಲ್ಲೇ ಉಳಿದ ನಿಜವಾದ ಕ್ಯಾಮರಾ.

"ಏನು ಹಾಗೆ ನಿಂತೆ?" ಎಂದರು ಅತ್ತೆ.

"ಗೊತ್ತಾಗ್ತಿಲ್ಲ ಅತ್ತೆ."

"ಒರೆಸೋಕೂ ಗೊತ್ತಾಗ್ತಿಲ್ವಾ?"

ಅವಳು ನಿಂತೇ ಇದ್ದಳು. ಬಟ್ಟೆಯಿಂದ ನೀರು ಹನಿದು ಪಾದದ ಮೇಲೆ ಬೀಳುತ್ತಿತ್ತು. ಅತ್ತೆ ಕೈ ಚಾಚಿದವರು ಅವಳ ಕೆನ್ನೆ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡರು. ಅಲ್ಲೂ ಮಣ್ಣಿತ್ತು, ಒಣಗಿ ಬಿರುಕುಬಿಟ್ಟು.

"ಮೊದಲು ಮುಖ ತೊಳ್ಕೋ ಹೋಗು," ಎಂದರು. ಬ್ಯಾಗಿನ ಮಾತನ್ನು ಮತ್ತೆ ಎತ್ತಲಿಲ್ಲ.

ಸೋಮವಾರ ಒಂಬತ್ತಕ್ಕೆ ಐದು ನಿಮಿಷವಿರುವಾಗಲೇ ಅವಳು ಅಂಗಡಿಯ ಮುಂದಿದ್ದಳು. ಅಂಗಡಿಯಾತ ಬಾಗಿಲು ಎತ್ತಿದ. ಅವಳು ಕ್ಯಾಮರಾ ಹೊರತೆಗೆದಿದ್ದ ಕಂದು ಬ್ಯಾಗನ್ನು ಗಾಜಿನ ಮೇಲಿಟ್ಟಳು. ಬೆನ್ನ ಮೇಲಿದ್ದ ಬೂದು ಬ್ಯಾಗನ್ನು ಅವನು ಕತ್ತು ಓರೆ ಮಾಡಿ ನೋಡಿದ.

"ತಾಗಿಸಿಬಿಟ್ರಿ."

"ತಾಗಿಬಿಡ್ತು."

"ಎರಡೂ ಒಂದೇ ಅಕ್ಕ." ಅವನು ಕಂದು ಬ್ಯಾಗಿನ ಮುಚ್ಚಳವೆತ್ತಿ ಖಾನೆಗಳಿಂದ ಚೀಟಿಗಳನ್ನು ಒಂದೊಂದಾಗಿ ಎತ್ತಿ ಮೇಜಿನ ಮೇಲಿಟ್ಟ. "ಬ್ಯಾಟರಿ. ಟಾರ್ಚು. ಅಳತೆಪಟ್ಟಿ. ನಿಮ್ಮ ಸಂಸಾರಾನೆಲ್ಲ ಇದರಲ್ಲೇ ಬಿಟ್ಟಿದೀರಿ." ಹೊರಗಿನ ಜೇಬಿಗೆ ಬೆರಳು ಹಾಕಿದ. "ಇದರಲ್ಲೇನೂ ಬರ್ದಿಲ್ಲ. ಬಿಸಾಕ್ಲಾ?"

"ಬೇಡ, ಕೊಡಿ," ಎಂದು ಅವಳು ಖಾಲಿ ಚೀಟಿಯನ್ನು ಮಾತ್ರ ತೆಗೆದುಕೊಂಡಳು.

ಸಂಗ್ರಹಾಲಯದ ಕೆಳಮಹಡಿಯಲ್ಲಿ ಗುಮಾಸ್ತರು ತಂಡದ ಪಟ್ಟಿ ಬಿಡಿಸಿಕೊಂಡು ಕೂತಿದ್ದರು. ಗೋಡೆಯ ಗಡಿಯಾರದಲ್ಲಿ ಒಂಬತ್ತೂ ಐವತ್ತು. ಅವರು ತಲೆ ಎತ್ತಿ ಕೇಳಲಿಲ್ಲ. ಅವಳೇ ಬಂದು ಮೇಜಿನ ಮುಂದೆ ನಿಂತಳು, ಇನ್ನೂ ಯಾವ ಮಾತಿನಿಂದ ಶುರು ಮಾಡುವುದೆಂದು ತಿಳಿಯದೆ. ಪಟ್ಟಿಯ ಕೊನೆಯ ಸಾಲು ಬಿಳಿಯಾಗಿತ್ತು. ತಲೆಕೆಳಗಾಗಿ ಕಂಡ ಅಂಕಣಗಳನ್ನು ಒಂದೊಂದಾಗಿ ಓದಿದಳು. ಹೆಸರು, ರಕ್ತದ ಗುಂಪು, ಮನೆಯವರ ಫೋನು, ಬೂಟಿನ ಅಳತೆ.

"ಆರು," ಎಂದಳು.

ಗುಮಾಸ್ತರು ಪೆನ್ನೆತ್ತಿದರು. "ಏನು ಆರು ಮೇಡಂ?"

"ಬೂಟು. ಆರು ಅಂತ ಬರ್ಕೊಳ್ಳಿ. ಇಲ್ಲ, ದಪ್ಪ ಕಾಲುಚೀಲ ಹಾಕ್ಬೇಕಲ್ವಾ, ಆರೂವರೆ. ಆರೂವರೆ ದೊಡ್ಡದಾದ್ರೆ ಜಾರುತ್ತೇನೋ... ಆರೇ ಇರ್ಲಿ."

ಪೆನ್ನು ಗಾಳಿಯಲ್ಲೇ ನಿಂತಿತ್ತು. "ಸದ್ಯಕ್ಕೆ ಪೆನ್ಸಿಲಲ್ಲಿ ಬರ್ಕೊಳ್ಳಲಾ?"

"ಬೇಡ," ಎಂದಳು. "ಪೆನ್ನಲ್ಲೇ ಬರೀರಿ. ಆರೂವರೆ."

ಅವರು ಬರೆದರು. ಅವಳು ಶಾಯಿ ಒಣಗುವವರೆಗೂ ಅಲ್ಲೇ ನಿಂತಿದ್ದು ಮೆಟ್ಟಿಲು ಹತ್ತಿದಳು.

ಎರಡನೇ ಮಹಡಿಯ ಕೋಣೆಯ ಹೊಸಿಲಲ್ಲಿ, ಕಾಲೊರಸಿನ ಮೇಲೆ, ಅವಳು ತಾನಾಗಿ ನಿಂತಳು. ಬೆನ್ನಿನ ಬ್ಯಾಗು ಒಳಗೆ ಹೋಗುವಂತಿಲ್ಲ. ಇಳಿಸಿ ಕೆಳಗಿಟ್ಟಾಗ ಒಣಮಣ್ಣು ಚಕ್ಕೆಚಕ್ಕೆಯಾಗಿ ಉದುರಿತು. ಉದುರಿದ್ದನ್ನು ಬಳಿಯಲೆಂದು ಕೂತವಳ ಬೆರಳಿಗೆ ಏನೋ ಕಚ್ಚಿಕೊಂಡಿತು. ಬಟ್ಟೆಗೆ ಅಂಟುವ ಹುಲ್ಲಿನ ಒಂದು ಮುಳ್ಳುಬೀಜ. ಅಕ್ಕಿಕಾಳಿನಷ್ಟೂ ದೊಡ್ಡದಲ್ಲ.

ಅವಳು ಜೇಬಿನಿಂದ ಖಾಲಿ ಚೀಟಿಯನ್ನೂ ಕಿವಿಯ ಹಿಂದಿನಿಂದ ಪೆನ್ಸಿಲನ್ನೂ ತೆಗೆದಳು. ಚೀಟಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಜಾಗ ಬರೆದಳು, ದಿನಾಂಕ ಬರೆದಳು. ಆಮೇಲೆ ಬೀಜವನ್ನು ಅಂಗೈಯ ಮೇಲಿಟ್ಟುಕೊಂಡು, ಎದ್ದು, ಮೆಟ್ಟಿಲಿನ ಕಿಟಕಿಯ ಬಳಿ ಹೋದಳು. ಕೈಯನ್ನು ಬೆಳಕಿನತ್ತ ಆ ಕಡೆ ಈ ಕಡೆ ತಿರುಗಿಸಿ ನೋಡಿದಳು.

ಬಣ್ಣ, ಎಂದು ಬರೆದು, ಹಸಿರು ಎಂದು ಬರೆದಳು. ಇನ್ನೊಮ್ಮೆ ನೋಡಿ ಸೇರಿಸಿದಳು: ತುದಿಯಲ್ಲಿ ನೇರಳೆ.